ದೇಣಿಗೆ ಕೊನೆಗೆ ನೋಡಿ, ಪ್ರೀಮಿಯಂ ಮೊದಲು ನೋಡಿ: ಅಮೆರಿಕದ ವೈದ್ಯಕೀಯ ನಿರ್ಲಕ್ಷ್ಯ ಮಸೂದೆಗಳ ಮತ ಓದುವ ಬಗೆ

ಅಮೆರಿಕದಲ್ಲಿ ವೈದ್ಯಕೀಯ ನಿರ್ಲಕ್ಷ್ಯದ ಪರಿಹಾರಕ್ಕೆ ಮಿತಿ ಹಾಕುವ ಮಸೂದೆ ಬಂದಾಗಲೆಲ್ಲ ಎರಡು ಮಾತು ಗ್ಯಾರಂಟಿ. ಹೌದು ಎಂದವನು ಡಾಕ್ಟರುಗಳ ದುಡ್ಡು ತಿಂದ. ಬೇಡ ಎಂದವನು ವಕೀಲರ ದುಡ್ಡು ತಿಂದ. ದೇಣಿಗೆಯ ಪಟ್ಟಿ ಐದು ನಿಮಿಷದಲ್ಲಿ ಸಿಗುತ್ತದೆ, ಹಾಗಾಗಿ ಈ ಮಾತು ಹೇಳಲು ಕಷ್ಟವೇ ಇಲ್ಲ. ಆದರೆ ಆ ಪಟ್ಟಿಯಿಂದ ಮತದ ಕಾರಣ ತಿಳಿಯುವುದು ಅಪರೂಪ.

ನಾನು ಪೆನ್ಸಿಲ್ವೇನಿಯಾದ ಒಂದು ವಿಮಾ ಕಂಪನಿಯಲ್ಲಿ ಅಂಡರ್‌ರೈಟರ್ ಆಗಿದ್ದೆ. ರೋಗಿ ಕೇಸು ಹಾಕಿದರೆ ಪರಿಹಾರ ಕಟ್ಟಿಕೊಡುವ ವಿಮೆಗೆ ಯಾವ ಡಾಕ್ಟರಿಂದ ಎಷ್ಟು ಪ್ರೀಮಿಯಂ ತೆಗೆದುಕೊಳ್ಳಬೇಕು ಎಂದು ನೋಡುವ ಕೆಲಸ. ಈಗ ಅದನ್ನು ಬಿಟ್ಟಿದ್ದೇನೆ. ಸಣ್ಣ ಪತ್ರಿಕೆಗಳ ವರದಿಗಾರರು ಇಂಥ ಮಸೂದೆ ಬಂದಾಗ ಫೋನ್ ಮಾಡುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಜಗಳ ಯಾವುದರ ಬಗ್ಗೆ ಎಂದು ಗೊತ್ತಿರಬೇಕು. ನಿರ್ಲಕ್ಷ್ಯದಿಂದ ಹಾನಿಯಾದ ರೋಗಿಗೆ ಎರಡು ಬಗೆಯ ಪರಿಹಾರ ಸಿಗಬಹುದು. ಒಂದು, ಆಸ್ಪತ್ರೆ ಖರ್ಚು ಮತ್ತು ಹೋದ ಸಂಬಳ. ಇನ್ನೊಂದು, ನೋವಿಗೆ ಮತ್ತು ಬದುಕು ಹಾಳಾದದ್ದಕ್ಕೆ ಕೊಡುವ ಹಣ. ಮಿತಿ ಇರುವ ರಾಜ್ಯಗಳಲ್ಲಿ ಹೆಚ್ಚಿನವು ಅದನ್ನು ಹಾಕುವುದು ಎರಡನೆಯದಕ್ಕೆ. ರೋಗಿಯ ವಕೀಲರು ಸಾಮಾನ್ಯವಾಗಿ ಗೆದ್ದರೆ ಮಾತ್ರ ಫೀಸು ತೆಗೆದುಕೊಳ್ಳುತ್ತಾರೆ, ಅದೂ ಪರಿಹಾರದ ಮೂರನೇ ಒಂದು ಭಾಗದಷ್ಟು. ಮಿತಿ ಹಾಕಿದರೆ ಅವರ ಪಾಲೂ ಇಳಿಯುತ್ತದೆ. ಸಂಬಳವೇ ಇಲ್ಲದ ನಿವೃತ್ತರ, ಗೃಹಿಣಿಯರ, ಮಕ್ಕಳ ಕೇಸುಗಳಲ್ಲಿ ಮೊದಲನೇ ಬಗೆಯ ಪರಿಹಾರ ಹಲವು ಸಲ ಚಿಕ್ಕದು. ಎರಡನೆಯದಕ್ಕೂ ಮಿತಿ ಬಿದ್ದರೆ ಅಂಥ ಕೇಸು ಹಿಡಿಯಲು ವಕೀಲರು ಸಿಗುವುದೇ ಕಷ್ಟ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಯಾವ ಮತ ನೋಡಬೇಕು

ಅಂತಿಮ ಮತವನ್ನು ಮಾತ್ರ ನೋಡಿ ಸುಮ್ನೆ ಕೂರಬೇಡಿ. ಬಹಳ ಸಲ ಅಲ್ಲಿ ಎಲ್ಲವೂ ಮುಗಿದಿರುತ್ತದೆ.

ಕ್ಯಾಲಿಫೋರ್ನಿಯಾವನ್ನೇ ತೆಗೆದುಕೊಳ್ಳಿ. 1975ರಲ್ಲಿ ಅಲ್ಲಿ ಮೈಕ್ರಾ ಎಂಬ ಕಾನೂನು ಬಂತು. ನೋವಿನ ಪರಿಹಾರಕ್ಕೆ 2.5 ಲಕ್ಷ ಡಾಲರ್ ಮಿತಿ. ಹಣದುಬ್ಬರಕ್ಕೆ ತಕ್ಕಂತೆ ಅದು ಏರುವ ಏರ್ಪಾಟು ಇರಲಿಲ್ಲ. 2022ರ ಹೊತ್ತಿಗೆ 1975ರ 2.5 ಲಕ್ಷಕ್ಕೆ ಸಮನಾದ ಮೊತ್ತ 13 ಲಕ್ಷ ಡಾಲರ್ ದಾಟಿತ್ತು. ಅಂದರೆ ಶಾಸಕರು ಏನೂ ಮಾಡದೆ ಕೂತ ಪ್ರತಿ ವರ್ಷವೂ ಮಿತಿ ಬಿಗಿಯಾಗುತ್ತಲೇ ಹೋಯಿತು. ಮತ ಹಾಕದಿರುವುದೂ ಇಲ್ಲಿ ಒಂದು ಮತವೇ. ಅದರಿಂದ ಯಾರಿಗೆ ಲಾಭ ಎಂದು ಬರೆದಿಟ್ಟುಕೊಳ್ಳಿ.

2014ರಲ್ಲಿ ಪ್ರಪೊಸಿಷನ್ 46 ಎಂಬ ಜನಮತಗಣನೆ ಮಿತಿಯನ್ನು ಸುಮಾರು 11 ಲಕ್ಷಕ್ಕೆ ಏರಿಸಲು ಹೊರಟಿತು. ಡಾಕ್ಟರುಗಳಿಗೆ ಡ್ರಗ್ ಪರೀಕ್ಷೆ ಎಂಬುದನ್ನೂ ಅದಕ್ಕೆ ಗಂಟು ಹಾಕಿದ್ದರು. ಅದರ ವಿರುದ್ಧ ವಿಮಾ ಕಂಪನಿಗಳು ಮತ್ತು ಆಸ್ಪತ್ರೆಗಳು ಮುಂದೆ ನಿಂತು 5 ಕೋಟಿ ಡಾಲರಿಗೂ ಜಾಸ್ತಿ ಸುರಿದವು. ಪ್ರಸ್ತಾಪ ಸೋತಿತು. 2022ರಲ್ಲಿ ಇನ್ನೊಂದು ಜನಮತಗಣನೆ ತಲೆಯ ಮೇಲೆ ತೂಗುತ್ತಿದ್ದಾಗ ಎರಡೂ ಕಡೆಯವರು ಕೂತು ರಾಜಿ ಮಾಡಿಕೊಂಡರು. ಅದೇ ಎಬಿ 35 ಎಂಬ ಮಸೂದೆ. 2023ರ ಜನವರಿಯಿಂದ ಮಿತಿ ಗಾಯಕ್ಕೆ 3.5 ಲಕ್ಷ, ಸಾವಿಗೆ 5 ಲಕ್ಷ. ಹತ್ತು ವರ್ಷಗಳಲ್ಲಿ ಅವು 7.5 ಲಕ್ಷಕ್ಕೆ ಮತ್ತು 10 ಲಕ್ಷಕ್ಕೆ ಏರುತ್ತವೆ. ಶಾಸನಸಭೆಯಲ್ಲಿ ಅದು ಸಲೀಸಾಗಿ ದಾಟಿತು. ಆ ಮತದಾನದ ಪಟ್ಟಿ ಹಿಡಿದು ಯಾರ ಜೇಬಿಗೆ ಯಾರ ದುಡ್ಡು ಬಂತು ಎಂದು ಹುಡುಕಿದರೆ ಏನೂ ಸಿಗುವುದಿಲ್ಲ. ಲೆಕ್ಕಾಚಾರ ನಡೆದದ್ದು ಸದನದ ಹೊರಗೆ. ಮತ್ತೊಂದು ಪ್ರಚಾರಕ್ಕೆ ಎಷ್ಟು ಕೋಟಿ ಖರ್ಚಾಗುತ್ತದೆ, ಸೋತರೆ ಏನು ಹೋಗುತ್ತದೆ ಎಂದು ಎರಡೂ ಕಡೆಯವರು ಗುಣಿಸಿ ನೋಡಿದ್ದರು.

ಹಾಗಾಗಿ ಸಮಿತಿಯ ಮತ, ತಿದ್ದುಪಡಿಯ ಮತ, ಚರ್ಚೆ ನಿಲ್ಲಿಸುವ ಮತ, ಇವನ್ನು ಹುಡುಕಿ. 2003ರ ಮಾರ್ಚ್‌ನಲ್ಲಿ ದೇಶದ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆ 2.5 ಲಕ್ಷದ ಮಿತಿಯ ಮಸೂದೆಯನ್ನು 229-196ರಿಂದ ಪಾಸ್ ಮಾಡಿತು. ಅದೇ ಜುಲೈನಲ್ಲಿ ಮೇಲ್ಮನೆಯಾದ ಸೆನೆಟ್‌ನಲ್ಲಿ ಇಂಥದ್ದೇ ಮಸೂದೆಯನ್ನು ಚರ್ಚೆಗೆ ತರಲು 60 ಮತ ಬೇಕಿತ್ತು. ಬಂದದ್ದು 49, ವಿರುದ್ಧ 48. ಪ್ರತಿನಿಧಿ ಸಭೆಯ ಬಹುಪಾಲು ಸದಸ್ಯರಿಗೆ ಆ ಮಸೂದೆ ಸೆನೆಟ್‌ನಲ್ಲಿ ಸಾಯುತ್ತದೆ ಎಂಬ ಅಂದಾಜು ಇತ್ತು. ಸಾಯುವ ಮಸೂದೆಗೆ ಹೌದು ಎನ್ನುವುದಕ್ಕೆ ಖರ್ಚಿಲ್ಲ, ಅಲ್ವಾ? ಡಾಕ್ಟರುಗಳೂ ಖುಷಿ, ಕಾನೂನೂ ಬರಲಿಲ್ಲ. ಯಾವ ಮತಕ್ಕೆ ಬೆಲೆ ತೆರಬೇಕಾಗಿತ್ತೋ ಅದನ್ನು ಮಾತ್ರ ಗಂಭೀರವಾಗಿ ಓದಿ.

ಇನ್ನು ಕೆಲವು ಮತಗಳು ಬಜೆಟ್ ಒಳಗೆ ಅಡಗಿರುತ್ತವೆ. ನಮ್ಮ ಪೆನ್ಸಿಲ್ವೇನಿಯಾದಲ್ಲಿ ಪರಿಹಾರಕ್ಕೆ ಮಿತಿ ಹಾಕದಂತೆ ರಾಜ್ಯದ ಸಂವಿಧಾನವೇ ತಡೆಯುತ್ತದೆ. ಹಾಗಂತ ಶಾಸಕರು ಕೈಕಟ್ಟಿ ಕೂರಲಿಲ್ಲ. ಇಲ್ಲಿ ಡಾಕ್ಟರುಗಳು ಖಾಸಗಿ ವಿಮೆಯ ಮೇಲೆ ಎಂಕೇರ್ ಎಂಬ ರಾಜ್ಯದ ನಿಧಿಗೂ ಹಣ ಕಟ್ಟಬೇಕು. 2003ರಲ್ಲಿ ಪ್ರೀಮಿಯಂ ಆಕಾಶಕ್ಕೇರಿದಾಗ ಆ ಕಂತನ್ನು ಸರ್ಕಾರವೇ ಮನ್ನಾ ಮಾಡಿತು. ಪ್ರಸೂತಿ, ನರಶಸ್ತ್ರಚಿಕಿತ್ಸೆಯಂಥ ಅಪಾಯದ ವಿಭಾಗಗಳಿಗೆ ಪೂರ್ತಿ, ಉಳಿದವರಿಗೆ ಅರ್ಧ. ಹಣ ಬಂದದ್ದು ಸಿಗರೇಟು ತೆರಿಗೆಯಿಂದ. ನಮ್ಮ ಕಚೇರಿಯಲ್ಲಿ ಇದನ್ನು ನೋಡಿ ನಕ್ಕಿದ್ದೆವು. ಶಸ್ತ್ರಚಿಕಿತ್ಸಕರ ವಿಮೆಗೆ ಸಿಗರೇಟು ಸೇದುವವರು ದುಡ್ಡು ಕೊಟ್ಟರು. 'ನಿರ್ಲಕ್ಷ್ಯ ಸುಧಾರಣೆ' ಎಂಬ ಹೆಸರಿನ ಮಸೂದೆಗಳನ್ನು ಮಾತ್ರ ಹುಡುಕಿದ್ದರೆ ಆ ವರ್ಷದ ಅತಿ ದೊಡ್ಡ ಆರ್ಥಿಕ ನಿರ್ಧಾರ ನಿಮ್ಮ ಕಣ್ಣಿಗೇ ಬೀಳುತ್ತಿರಲಿಲ್ಲ.

ನ್ಯೂಯಾರ್ಕ್‌ನಲ್ಲೂ ಹೀಗೇ. 2011ರಲ್ಲಿ 2.5 ಲಕ್ಷದ ಮಿತಿಯ ಪ್ರಸ್ತಾಪ ಬಜೆಟ್ ಮಾತುಕತೆಯಲ್ಲೇ ಬಿದ್ದುಹೋಯಿತು. ಅದರ ಬದಲು ಹೆರಿಗೆಯಲ್ಲಿ ಮೆದುಳಿಗೆ ಪೆಟ್ಟಾದ ಮಕ್ಕಳ ಆರೈಕೆಗೆ ಒಂದು ನಿಧಿ ಹುಟ್ಟಿತು. ಮಿತಿಯ ಬಗ್ಗೆ ಯಾವ ಶಾಸಕನೂ ಹೌದು, ಇಲ್ಲ ಎಂದು ದಾಖಲೆಯಲ್ಲಿ ಹೇಳಬೇಕಾಗಲಿಲ್ಲ.

ಪಕ್ಷವನ್ನು ಕಳೆದುಬಿಡಿ

ಇದು ಬೇಗ ಮುಗಿಯುವ ಕೆಲಸ. ರಿಪಬ್ಲಿಕನ್ನರು ಮಿತಿಯ ಪರ, ಡೆಮಾಕ್ರಟರು ವಿರುದ್ಧ, ಇದು ಸಾಮಾನ್ಯ ಗೆರೆ. ಗೆರೆಯ ಮೇಲೆ ನಿಂತವರ ಬಗ್ಗೆ ಹೇಳಲು ಹೆಚ್ಚೇನೂ ಇಲ್ಲ. ಗೆರೆ ದಾಟಿದವರ ಹೆಸರು ಬರೆದುಕೊಳ್ಳಿ. 2003ರ ಆ ಸೆನೆಟ್ ಮತದಲ್ಲಿ ದಕ್ಷಿಣ ಕೆರೊಲಿನಾದ ಲಿಂಡ್ಸೆ ಗ್ರಹಾಂ ಮತ್ತು ಅಲಬಾಮಾದ ರಿಚರ್ಡ್ ಶೆಲ್ಬಿ, ಇಬ್ಬರು ರಿಪಬ್ಲಿಕನ್ನರು, ಬೇಡ ಎಂದರು. ಇಬ್ಬರೂ ವಕೀಲಿಕೆಯಿಂದ ಬಂದವರು. 2017ರ ಜೂನ್‌ನಲ್ಲಿ ಪ್ರತಿನಿಧಿ ಸಭೆಯಲ್ಲಿ ಇಂಥದ್ದೇ ಮಸೂದೆ 218-210ರಿಂದ ಕಷ್ಟಪಟ್ಟು ದಾಟಿತು. ಬಹುಮತ ರಿಪಬ್ಲಿಕನ್ನರದ್ದೇ ಆಗಿದ್ದರೂ ಅವರಲ್ಲಿ ಕೆಲವರು ಇದು ರಾಜ್ಯಗಳಿಗೆ ಬಿಟ್ಟ ವಿಷಯ ಎಂದು ದೂರ ನಿಂತರು. ಇದು ತತ್ವವೇ ಇರಬಹುದು. ತಮ್ಮ ರಾಜ್ಯದಲ್ಲಿ ಈಗಿರುವ ಒಪ್ಪಂದ ಕೆಡುತ್ತದೆ ಎಂಬ ಚಿಂತೆಯೂ ಇರಬಹುದು. ಯಾವುದು ಎಂದು ತಿಳಿಯಲು ಮುಂದಿನ ಹೆಜ್ಜೆ ಬೇಕು.

ಪ್ರೀಮಿಯಂ

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಕೂರೋಣ. ನಾನು ಬಲ್ಲ ಜಾಗ ಇದು, ಉಳಿದವರು ಬೇಗ ದಾಟಿಹೋಗುವ ಜಾಗವೂ ಇದೇ.

ಎಲ್ಲ ಡಾಕ್ಟರುಗಳಿಗೂ ಒಂದೇ ಪ್ರೀಮಿಯಂ ಇರುವುದಿಲ್ಲ. ವಿಭಾಗ ನೋಡುತ್ತೇವೆ, ಕೌಂಟಿ (ನಮ್ಮ ಜಿಲ್ಲೆಯಂಥದ್ದು) ನೋಡುತ್ತೇವೆ. ಚರ್ಮರೋಗ ತಜ್ಞರದ್ದು ಕಡಿಮೆ. ಹೆರಿಗೆ ಮಾಡಿಸುವವರದ್ದು, ಮೆದುಳಿನ ಶಸ್ತ್ರಚಿಕಿತ್ಸಕರದ್ದು ಬಹಳ ಜಾಸ್ತಿ. ಅದೇ ವಿಭಾಗ, ಅದೇ ಕಂಪನಿ, ಆದರೂ ಫಿಲಡೆಲ್ಫಿಯಾದ ದರ ಒಂದು, ಅದೇ ರಾಜ್ಯದ ಹಳ್ಳಿಗಾಡಿನ ಕೌಂಟಿಯ ದರ ಇನ್ನೊಂದು. ಹಾಗಾಗಿ 'ರಾಜ್ಯದ ಸರಾಸರಿ ಪ್ರೀಮಿಯಂ' ಹಿಡಿದು ಒಬ್ಬ ಶಾಸಕನ ಮತವನ್ನು ವಿವರಿಸಲು ಹೋಗಬೇಡಿ. ಅವನ ಕ್ಷೇತ್ರ ಯಾವ ದರದ ವಲಯದಲ್ಲಿದೆ ಎಂದು ನೋಡಿ. ಕಂಪನಿಗಳು ರಾಜ್ಯದ ವಿಮಾ ಇಲಾಖೆಗೆ ಸಲ್ಲಿಸುವ ದರಪಟ್ಟಿಯಲ್ಲಿ ಇದು ಸಿಗುತ್ತದೆ. ಸರ್ಫ್ ಎಂಬ ವ್ಯವಸ್ಥೆಯಲ್ಲಿ ಬಹಳಷ್ಟು ರಾಜ್ಯಗಳ ಪಟ್ಟಿಗಳನ್ನು ಯಾರು ಬೇಕಾದರೂ ತೆರೆದು ಓದಬಹುದು. ಮೆಡಿಕಲ್ ಲಯಬಿಲಿಟಿ ಮಾನಿಟರ್ ಎಂಬ ಪ್ರಕಟಣೆ ವರ್ಷಕ್ಕೊಮ್ಮೆ ದರಗಳ ಸಮೀಕ್ಷೆ ಮಾಡುತ್ತದೆ, ಆದರೆ ಅದಕ್ಕೆ ದುಡ್ಡು ಕೊಡಬೇಕು.

ಮುಂದೆ ದಿನಾಂಕ. ಪ್ರೀಮಿಯಂ ಅಲೆಯ ಹಾಗೆ ಏರಿ ಇಳಿಯುತ್ತದೆ. 1970ರ ದಶಕದ ನಡುವೆ ಒಮ್ಮೆ, 1980ರ ದಶಕದ ನಡುವೆ ಒಮ್ಮೆ, 2000ದ ಆರಂಭದಲ್ಲಿ ಒಮ್ಮೆ ಏರಿತು. ಶಾಸನಸಭೆಗಳು ಎಚ್ಚೆತ್ತದ್ದೂ ಹೆಚ್ಚಾಗಿ ಅದೇ ವರ್ಷಗಳಲ್ಲಿ. ಏರಿದ್ದಕ್ಕೆ ಕೋರ್ಟಿನ ತೀರ್ಪುಗಳಷ್ಟೇ ಕಾರಣವಲ್ಲ. ಇವತ್ತು ಕಟ್ಟಿಸಿಕೊಂಡ ಪ್ರೀಮಿಯಂನಿಂದ ಪರಿಹಾರ ಕೊಡಬೇಕಾಗಿ ಬರುವುದು ಎಷ್ಟೋ ವರ್ಷ ಬಿಟ್ಟು. ಅಲ್ಲಿಯವರೆಗೆ ಹಣ ಬಾಂಡುಗಳಲ್ಲಿ ಇರುತ್ತದೆ. ಬಡ್ಡಿ ಚೆನ್ನಾಗಿದ್ದಾಗ ಕಂಪನಿಗಳು ಕಡಿಮೆ ಪ್ರೀಮಿಯಂಗೆ ಗ್ರಾಹಕರನ್ನು ಸೆಳೆಯುತ್ತವೆ. ಬಡ್ಡಿ ಇಳಿದಾಗ ಆ ಕೊರತೆಯೂ ಪ್ರೀಮಿಯಂ ಮೇಲೆ ಬೀಳುತ್ತದೆ. 2003ರಲ್ಲಿ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿಯಾದ ಜಿಎಒ ಇದನ್ನೇ ಹೇಳಿತು. ಕ್ಲೇಮುಗಳ ನಷ್ಟ ಮುಖ್ಯ ಕಾರಣ, ಹೂಡಿಕೆಯ ಆದಾಯ ಇಳಿದದ್ದು ಮತ್ತು ಕಂಪನಿಗಳು ತಮಗೇ ಮಾಡಿಸಿಕೊಳ್ಳುವ ಮರುವಿಮೆ ದುಬಾರಿಯಾದದ್ದು ಅದರ ಜೊತೆಗಿನ ಕಾರಣ ಎಂದು.

2001ರ ಡಿಸೆಂಬರ್‌ನಲ್ಲಿ ಸೇಂಟ್ ಪಾಲ್ ಎಂಬ ದೊಡ್ಡ ಕಂಪನಿ ಈ ವ್ಯಾಪಾರದಿಂದಲೇ ಹೊರಬರುವುದಾಗಿ ಘೋಷಿಸಿತು. ಸಾವಿರಾರು ಡಾಕ್ಟರುಗಳು ಹೊಸ ವಿಮೆ ಹುಡುಕಬೇಕಾಯಿತು. 2002ರ ಜುಲೈನಲ್ಲಿ ಲಾಸ್ ವೇಗಸ್‌ನಲ್ಲಿ ತೀವ್ರ ಗಾಯಾಳುಗಳನ್ನು ನೋಡುವ ಟ್ರಾಮಾ ಕೇಂದ್ರ ಹತ್ತು ದಿನ ಮುಚ್ಚಿತು. ತಿಂಗಳೊಳಗೆ ಗವರ್ನರ್ ಕರೆದ ವಿಶೇಷ ಅಧಿವೇಶನದಲ್ಲಿ ನೆವಾಡಾ ಶಾಸನಸಭೆ 3.5 ಲಕ್ಷದ ಮಿತಿ ತಂದಿತು. ಆ ವಾರಗಳಲ್ಲಿ ಮತ ಹಾಕಿದ ಶಾಸಕನ ತಲೆಯಲ್ಲಿ ಇದ್ದದ್ದು ಮುಚ್ಚಿದ ಬಾಗಿಲು. ಅದರ ಹಿಂದೆ ಇದ್ದದ್ದು ಬಾಂಡಿನ ಬಡ್ಡಿಯೋ, ತೀರ್ಪುಗಳೋ, ಒಂದು ಕಂಪನಿಯ ನಿರ್ಗಮನವೋ ಎಂದು ಬಿಡಿಸಿ ನೋಡಲು ಅವನಿಗೆ ಪುರುಸೊತ್ತು ಇರಲಿಲ್ಲ. ನಿಮಗೆ ಇದೆ. ಮತದ ದಿನಾಂಕದ ಪಕ್ಕದಲ್ಲಿ ಹಿಂದಿನ ಮೂರು ವರ್ಷದ ದರ ಏರಿಕೆ ಬರೆಯಿರಿ. ಅದರ ಪಕ್ಕದಲ್ಲಿ ಯಾವ ಕಂಪನಿ ಬಂತು, ಯಾವುದು ಹೋಯಿತು ಎಂದು ಬರೆಯಿರಿ.

ಇನ್ನೊಂದು ಸಂಗತಿ. 'ಡಾಕ್ಟರುಗಳು ರಾಜ್ಯ ಬಿಟ್ಟು ಓಡುತ್ತಿದ್ದಾರೆ' ಎಂಬ ಮಾತು ಪ್ರತಿ ಸದನದಲ್ಲೂ ಕೇಳಿಸುತ್ತದೆ. ಆದರೆ ಓಡುವುದು ಅಷ್ಟು ಸುಲಭವಲ್ಲ. ಬಹಳಷ್ಟು ಪಾಲಿಸಿಗಳು ಕ್ಲೇಮ್ ಬಂದ ವರ್ಷ ಚಾಲ್ತಿಯಲ್ಲಿದ್ದರೆ ಮಾತ್ರ ಹಣ ಕೊಡುವಂಥವು. ಡಾಕ್ಟರ್ ಆ ಪಾಲಿಸಿ ಬಿಟ್ಟು ಹೊರಟರೆ ಹಳೆಯ ರೋಗಿಗಳು ಮುಂದೆ ಹಾಕಬಹುದಾದ ಕೇಸುಗಳಿಗೆ 'ಟೇಲ್' ಎಂಬ ಬೇರೆ ವಿಮೆ ಕೊಳ್ಳಬೇಕು. ಅದರ ಬೆಲೆ ಸುಮಾರಾಗಿ ವರ್ಷದ ಪ್ರೀಮಿಯಂನ ಎರಡು ಪಟ್ಟು. ನನಗೆ ಫೋನ್ ಮಾಡಿ 'ಈ ರಾಜ್ಯ ಬಿಡ್ತೀನಿ' ಎಂದು ಕೂಗಾಡಿದ ಪ್ರಸೂತಿ ತಜ್ಞರಲ್ಲಿ ಹಲವರು ಟೇಲ್‌ನ ಬೆಲೆ ಕೇಳಿದ ಮೇಲೆ ಸುಮ್ಮನಾದರು. ಕೆಲವರು ಹೆರಿಗೆ ಮಾಡಿಸುವುದನ್ನು ಬಿಟ್ಟು ಬರೀ ಸ್ತ್ರೀರೋಗ ಚಿಕಿತ್ಸೆಗೆ ಇಳಿದರು. ಅದು ರಾಜ್ಯ ಬಿಟ್ಟದ್ದಲ್ಲ, ಆದರೆ ಆ ಊರಿನ ಗರ್ಭಿಣಿಗೆ ತೊಂದರೆಯೇ. 2003ರ ಇನ್ನೊಂದು ವರದಿಯಲ್ಲಿ ಜಿಎಒ ಕೂಡ ಕೆಲವು ಜಾಗಗಳಲ್ಲಿ ನಿಜವಾದ ಕೊರತೆ ಕಂಡಿತು, ಕೆಲವು ದೂರುಗಳಿಗೆ ಆಧಾರ ಸಿಗಲಿಲ್ಲ ಎಂದಿತು. ಪರವಾನಗಿ ಮಂಡಳಿಯ ಪಟ್ಟಿ ನೋಡಿ, ಆಸ್ಪತ್ರೆಯ ಹೆರಿಗೆ ವಾರ್ಡು ತೆರೆದಿದೆಯೇ ಎಂದೂ ಕೇಳಿ. ಎರಡೂ ಬೇಕು.

ಕ್ಷೇತ್ರದಲ್ಲಿ ಬಿಲ್ಲು ಕಟ್ಟುವವರು ಯಾರು

ಸ್ವಂತ ಕ್ಲಿನಿಕ್ ಇಟ್ಟ ಡಾಕ್ಟರಿಗೆ ಪ್ರೀಮಿಯಂ ತನ್ನ ಜೇಬಿನಿಂದ ಹೋಗುತ್ತದೆ. ಆಸ್ಪತ್ರೆಯ ಸಂಬಳದ ಡಾಕ್ಟರಿಗೆ ಆ ಕಾಗದ ಕಣ್ಣಿಗೇ ಬೀಳುವುದಿಲ್ಲ. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್‌ನ ಸಮೀಕ್ಷೆಯ ಪ್ರಕಾರ ಖಾಸಗಿ ಪ್ರಾಕ್ಟೀಸಿನಲ್ಲಿದ್ದವರು 2012ರಲ್ಲಿ ಶೇ 60ರಷ್ಟು, 2022ರಲ್ಲಿ ಶೇ 47ಕ್ಕೂ ಕಡಿಮೆ. ಇದು ಮತದ ಒತ್ತಡವನ್ನೇ ಬದಲಿಸಿದೆ. 2003ರಲ್ಲಿ ಶಾಸಕನ ಬಾಗಿಲಿಗೆ ಬಿಳಿ ಕೋಟು ಹಾಕಿದ ಡಾಕ್ಟರುಗಳು ಬರುತ್ತಿದ್ದರು. ಈಗ ಜಾಸ್ತಿ ಬರುವುದು ಆಸ್ಪತ್ರೆ ಸಮೂಹದ ಲಾಬಿದಾರ. ಆ ಸಮೂಹವೇ ಎಷ್ಟೋ ಕ್ಷೇತ್ರಗಳಲ್ಲಿ ಅತಿ ಹೆಚ್ಚು ಜನರಿಗೆ ಕೆಲಸ ಕೊಟ್ಟಿರುತ್ತದೆ. ಅದರ ಮಾತಿಗೆ ದೇಣಿಗೆ ಬೇಕಿಲ್ಲ. ವಾರ್ಡು ಮುಚ್ಚುತ್ತೇವೆ ಎಂದರೆ ಸಾಕು.

ನ್ಯೂ ಮೆಕ್ಸಿಕೊ 2021ರಲ್ಲಿ ಈ ವ್ಯತ್ಯಾಸವನ್ನು ಕಾನೂನಿನಲ್ಲೇ ಬರೆಯಿತು. ಸ್ವತಂತ್ರ ಡಾಕ್ಟರುಗಳಿಗೆ 7.5 ಲಕ್ಷದ ಮಿತಿ, ಆಸ್ಪತ್ರೆಗಳಿಗೆ 40 ಲಕ್ಷದಿಂದ ಶುರುವಾಗಿ ವರ್ಷ ವರ್ಷ ಏರುವ ಮಿತಿ. 'ವೈದ್ಯರ ಗುಂಪು' ಎಂದು ಒಂದೇ ಹೆಸರಿಟ್ಟು ಎಣಿಸುವವರು ಇದನ್ನು ವಿವರಿಸಲಾರರು.

ಇನ್ನೊಂದು ತುದಿಯಲ್ಲಿ ಹಾನಿಯಾಗಬಹುದಾದವರು ಇದ್ದಾರೆ. ಜನಗಣತಿ ಬ್ಯೂರೊದ ಅಮೆರಿಕನ್ ಕಮ್ಯುನಿಟಿ ಸರ್ವೆಯಲ್ಲಿ ಪ್ರತಿ ಕ್ಷೇತ್ರದ ವಯಸ್ಸು, ಆದಾಯ, ಉದ್ಯೋಗ ಸಿಗುತ್ತದೆ. ಮೊದಲು ಹೇಳಿದ್ದು ನೆನಪಿದೆಯಲ್ವಾ? ನಿವೃತ್ತರು, ಕಡಿಮೆ ಸಂಬಳದವರು ಜಾಸ್ತಿ ಇರುವ ಕ್ಷೇತ್ರಕ್ಕೆ ನೋವಿನ ಪರಿಹಾರದ ಮಿತಿ ಜಾಸ್ತಿ ತಟ್ಟುತ್ತದೆ. ಆದರೂ ಅಲ್ಲಿನ ಶಾಸಕ ಹೌದು ಎಂದಿರುತ್ತಾನೆ. ಮುಂದಿನ ವರ್ಷ ತನಗೆ ಹಾನಿಯಾಗುತ್ತದೆ ಎಂದು ಯಾರಿಗೂ ಇವತ್ತು ಗೊತ್ತಿರುವುದಿಲ್ಲ. ಪ್ರೀಮಿಯಂ ನೋಟಿಸು ಮಾತ್ರ ಇವತ್ತೇ ಮನೆಗೆ ಬರುತ್ತದೆ. ಒಂದು ಕಡೆಯವರಿಗೆ ವಿಳಾಸ ಇದೆ, ಇನ್ನೊಂದು ಕಡೆಯವರಿಗೆ ಇಲ್ಲ.

ಶಾಸಕನ ಸ್ವಂತ ಕಸುಬು

ಇದನ್ನು ಮರೆಯಬೇಡಿ, ಆದರೆ ಇದಕ್ಕೇ ನೇತಾಡಲೂ ಬೇಡಿ. 2003ರಲ್ಲಿ ಮಿತಿಗಾಗಿ ಸೆನೆಟ್‌ನಲ್ಲಿ ಮುಂದೆ ನಿಂತ ಬಹುಮತದ ನಾಯಕ ಬಿಲ್ ಫ್ರಿಸ್ಟ್ ಸ್ವತಃ ಹೃದಯ ಶಸ್ತ್ರಚಿಕಿತ್ಸಕ. ಎಚ್‌ಸಿಎ ಎಂಬ ದೊಡ್ಡ ಆಸ್ಪತ್ರೆ ಸಮೂಹ ಕಟ್ಟಿದವರಲ್ಲಿ ಅವರ ತಂದೆ ಮತ್ತು ಅಣ್ಣ ಇದ್ದರು. ಅದೇ ಸೆನೆಟ್‌ನಲ್ಲಿದ್ದ ಜಾನ್ ಎಡ್ವರ್ಡ್ಸ್ ವೈದ್ಯಕೀಯ ನಿರ್ಲಕ್ಷ್ಯದ ಕೇಸುಗಳಲ್ಲಿ ಹೆಸರು, ಹಣ ಮಾಡಿದ ವಕೀಲ. 1975ರಲ್ಲಿ ಇಂಡಿಯಾನಾದಲ್ಲಿ ಎಲ್ಲ ಬಗೆಯ ಪರಿಹಾರ ಸೇರಿಸಿ 5 ಲಕ್ಷದ ಮಿತಿ ಬಂದಾಗ ಗವರ್ನರ್ ಆಗಿದ್ದ ಓಟಿಸ್ ಬೋವೆನ್ ಕುಟುಂಬ ವೈದ್ಯ. ಸದಸ್ಯರ ಆಸ್ತಿ ಮತ್ತು ಆದಾಯದ ಘೋಷಣೆ ಸಾರ್ವಜನಿಕ ದಾಖಲೆ, ತೆರೆದು ನೋಡಿ. ಕಸುಬು ಹಣವನ್ನು ಮಾತ್ರ ಕೊಡುವುದಿಲ್ಲ, ಯಾರ ಕಥೆ ನಂಬಬೇಕು ಎಂಬುದನ್ನೂ ಕಲಿಸಿಬಿಡುತ್ತದೆ.

ಈಗ ದೇಣಿಗೆ

ಫೆಡರಲ್ ಚುನಾವಣೆಗೆ 200 ಡಾಲರಿಗಿಂತ ಜಾಸ್ತಿ ಕೊಟ್ಟವರ ಹೆಸರು, ಕಸುಬು, ಕೆಲಸದ ಜಾಗ ಚುನಾವಣಾ ಆಯೋಗದ ಕಡತದಲ್ಲಿರುತ್ತದೆ. ಓಪನ್‌ಸೀಕ್ರೆಟ್ಸ್ ಎಂಬ ಜಾಲತಾಣ ಅದನ್ನು ಗುಂಪು ಮಾಡಿ ಕೊಡುತ್ತದೆ. ಗುಂಪು ಮಾಡಿದ್ದನ್ನು ಹಾಗೇ ನುಂಗಬೇಡಿ.

'ವಕೀಲ' ಎಂದು ಬರೆದವರಲ್ಲಿ ರೋಗಿಯ ಪರ ವಾದಿಸುವವರೂ ಇದ್ದಾರೆ, ಆಸ್ಪತ್ರೆಯನ್ನು ಕಾಪಾಡುವವರೂ ಇದ್ದಾರೆ, ಕಂಪನಿ ವಿಲೀನ ಮಾಡಿಸುವವರೂ ಇದ್ದಾರೆ. ಸಂಸ್ಥೆಯ ಹೆಸರು ನೋಡಿ ಬೇರ್ಪಡಿಸಿ. ಹಾಗೇ, ಡಾಕ್ಟರುಗಳ ಹಣ ಎಲ್ಲವೂ ನಿರ್ಲಕ್ಷ್ಯ ಕಾನೂನಿಗಾಗಿ ಬರುವುದಿಲ್ಲ. ಅವರಿಗೆ ದೊಡ್ಡ ತಲೆನೋವು ಮೆಡಿಕೇರ್, ಅಂದರೆ ಮುಖ್ಯವಾಗಿ ವೃದ್ಧರಿಗಿರುವ ಸರ್ಕಾರಿ ಆರೋಗ್ಯ ವಿಮೆ, ಚಿಕಿತ್ಸೆಗೆ ಕೊಡುವ ದರ. ಹಾಗಾಗಿ ಶಾಸಕ ಯಾವ ಸಮಿತಿಯಲ್ಲಿದ್ದಾನೆ ಎಂದು ನೋಡಿ. ತೆರಿಗೆ, ಮೆಡಿಕೇರ್ ನೋಡುವ ವೇಸ್ ಅಂಡ್ ಮೀನ್ಸ್ ಸಮಿತಿಯ ಸದಸ್ಯನಿಗೆ ಬಂದ ಡಾಕ್ಟರುಗಳ ಹಣ ಹೆಚ್ಚಾಗಿ ಆ ದರಕ್ಕೆ. ಕೋರ್ಟು, ಕಾನೂನು ನೋಡುವ ಜುಡಿಷಿಯರಿ ಸಮಿತಿಯ ಸದಸ್ಯನಿಗೆ ಬಂದರೆ, ಆಗ ನಿರ್ಲಕ್ಷ್ಯ ಕಾನೂನಿನ ಮಾತು ಎಂದು ಕಿವಿ ನಿಮಿರಿಸಿ.

ಹಣ ಬಂದ ದಿನ ನೋಡಿ. ಮೊದಲಿಂದಲೂ ಮಿತಿಯ ಪರ ಇದ್ದವನಿಗೆ ಆಸ್ಪತ್ರೆಗಳು ಹಣ ಕೊಟ್ಟರೆ ಅದು ಗೆಳೆಯನಿಗೆ ಕೊಟ್ಟ ಬೆಂಬಲ. ಹಣ ಮತವನ್ನು ಕೊಂಡಿತು ಎನ್ನಲು ಅಷ್ಟು ಸಾಲದು. ಅದೇ ಶಾಸಕ ಎರಡು ಸಲ ಮತ ಹಾಕಿದ್ದರೆ, ಮತ ಬದಲಾಗಿದ್ದರೆ, ನಡುವೆ ಏನೇನು ಬದಲಾಯಿತು ಎಂದು ಪಟ್ಟಿ ಮಾಡಿ. ಕ್ಷೇತ್ರದ ಗಡಿ, ಪ್ರೀಮಿಯಂ, ಸಮಿತಿ, ದೇಣಿಗೆ. ನಾನು ನೋಡಿದ ಪಟ್ಟಿಗಳಲ್ಲಿ ಮೊದಲು ಅಲುಗಿದ್ದು ದೇಣಿಗೆ ಆಗಿದ್ದು ಕಡಿಮೆ.

ಸರ್ಕಾರದ ಉಳಿತಾಯವನ್ನೂ ಒಂದು ಸಾಲಿನಲ್ಲಿ ಬರೆದುಕೊಳ್ಳಿ. 2009ರಲ್ಲಿ ಸಂಸತ್ತಿನ ಬಜೆಟ್ ಕಚೇರಿ ಇಂಥ ಸುಧಾರಣೆಗಳ ಒಂದು ಕಟ್ಟಿನಿಂದ ದೇಶದ ಆರೋಗ್ಯ ಖರ್ಚು ಶೇ 0.5ರಷ್ಟು ಇಳಿಯಬಹುದು, ಹತ್ತು ವರ್ಷದಲ್ಲಿ ಫೆಡರಲ್ ಕೊರತೆ 5,400 ಕೋಟಿ ಡಾಲರ್ ಕಡಿಮೆಯಾಗಬಹುದು ಎಂದಿತು. ಆ ಅಂಕಿ ಬಂದ ಮೇಲೆ ಕೊರತೆಯ ಬಗ್ಗೆ ಮಾತಾಡುವವರ ಬಾಯಿಗೆ ಒಂದು ಹೊಸ ವಾದ ಸಿಕ್ಕಿತು.

ಕೋರ್ಟು ಇದೆ ಎಂಬ ಧೈರ್ಯ

ಬರೆಯುವ ಮೊದಲು ಆ ರಾಜ್ಯದ ಸುಪ್ರೀಂ ಕೋರ್ಟ್ ಹಿಂದೆ ಏನು ಮಾಡಿದೆ ಎಂದು ನೋಡಿ. ಇಲಿನಾಯ್ ಕೋರ್ಟ್ ಪರಿಹಾರದ ಮಿತಿಗಳನ್ನು 1976ರಲ್ಲಿ, 1997ರಲ್ಲಿ, ಮತ್ತೆ 2010ರಲ್ಲಿ ಹೊಡೆದುಹಾಕಿತು. ಅಂಥ ಕಡೆ ಹೌದು ಎಂಬ ಮತ ಅಗ್ಗ. ಟೆಕ್ಸಸ್‌ನಲ್ಲೂ 1988ರಲ್ಲಿ ಕೋರ್ಟ್ ಹಳೆಯ ಮಿತಿಯನ್ನು ತೆಗೆದುಹಾಕಿತ್ತು. ಹಾಗಾಗಿ 2003ರಲ್ಲಿ ಶಾಸಕರು ಮಸೂದೆಯ ಜೊತೆ ಸಂವಿಧಾನದ ತಿದ್ದುಪಡಿಯನ್ನೂ ಜನರ ಮುಂದಿಟ್ಟರು. ಚುನಾವಣೆ ಇಟ್ಟದ್ದು ಸೆಪ್ಟೆಂಬರ್ 13ಕ್ಕೆ. ನವೆಂಬರ್‌ನಲ್ಲಿ ಹ್ಯೂಸ್ಟನ್‌ನ ಮೇಯರ್ ಚುನಾವಣೆ ಇತ್ತು, ಆಗ ಇಟ್ಟಿದ್ದರೆ ಅಲ್ಲಿನ ಮತದಾರರು ಜಾಸ್ತಿ ಬಂದು ಬೇಡ ಎನ್ನಬಹುದಿತ್ತು. ತಿದ್ದುಪಡಿ ಶೇ 51ರಷ್ಟು ಮತದಿಂದ ಗೆದ್ದಿತು. ಆ ತಿದ್ದುಪಡಿಯನ್ನು ಮತದಾರರ ಮುಂದೆ ಕಳಿಸಿದ ಮತವನ್ನು, ದಿನಾಂಕದ ಬಗ್ಗೆ ಬೇರೆ ಮತ ನಡೆದಿದ್ದರೆ ಅದನ್ನೂ, ನಿಮ್ಮ ಪಟ್ಟಿಯಲ್ಲಿ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ.